ನನ್ನ ಕೇಸುಗಳು ಕಡಿಮೆ, ಮುಂದೆ ಧೈರ್ಯ ಬರುತ್ತಾ?

ಪ್ರಶ್ನೆ: ಸರ್ಜರಿ ರೆಸಿಡೆನ್ಸಿಯ ಕೊನೆಯ ವರ್ಷದಲ್ಲಿದ್ದೇನೆ. ಲಾಗ್‌ಬುಕ್‌ನಲ್ಲಿ ನನ್ನ ಗೆಳತಿಗಿರುವುದರ ಅರ್ಧದಷ್ಟು ಕೇಸೂ ನನಗಿಲ್ಲ. ನಾಳೆ ಒಬ್ಬಳೇ ಆಪರೇಷನ್ ಮಾಡುವಾಗ ಕೈ ನಡುಗುತ್ತಾ ಅಂತ ಭಯ. ಎಷ್ಟು ಕೇಸು ಮಾಡಿದರೆ ಸಾಕು, ಮೇಡಂ?

ಉತ್ತರ: ನಿಮ್ಮ ಭಯ ಸುಳ್ಳಲ್ಲ. ಕೈ ಪಳಗುವುದಕ್ಕೆ ಕೇಸು ಬೇಕೇ ಬೇಕು. ಅಮೆರಿಕದಲ್ಲಿ ಜನರಲ್ ಸರ್ಜರಿ ತರಬೇತಿ ಮುಗಿಸಲು ಕನಿಷ್ಠ 850 ದೊಡ್ಡ ಆಪರೇಷನ್ ಆಗಿರಬೇಕು, ಅದರಲ್ಲಿ 200 ಕೊನೆಯ ವರ್ಷದ್ದು. ಹಿಂದೆ ಈ ಮಿತಿ 750 ಇತ್ತು. ಆ ಮಿತಿ ದಾಟಿ ಫೆಲೋಶಿಪ್‌ಗೆ, ಅಂದರೆ ರೆಸಿಡೆನ್ಸಿ ನಂತರದ ವಿಶೇಷ ತರಬೇತಿಗೆ, ಬಂದವರ ಬಗ್ಗೆ 2013ರಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ಹೊಸಬರು ಓಟಿಗೆ ಸಿದ್ಧರಾಗಿ ಬರುತ್ತಿಲ್ಲ ಎಂದು ಶೇ 21ರಷ್ಟು ಫೆಲೋಶಿಪ್ ನಿರ್ದೇಶಕರು ಹೇಳಿದ್ದರು. ಲೆಕ್ಕ ತುಂಬಿತ್ತು, ಆದರೂ ಏನೋ ಕೊರತೆ ಇತ್ತು ಅಲ್ವಾ?

ಆ ಕೊರತೆ ಏನೆಂದು ನನಗೆ ಗೊತ್ತಾಗಿದ್ದು ತರಬೇತಿ ಮುಗಿದ ಮೇಲೆ, ಒಂದು ರಾತ್ರಿ. ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿ, ಪಿತ್ತಕೋಶ ತೆಗೆಯುವ ಆಪರೇಷನ್. ನನ್ನ ಲಾಗ್‌ಬುಕ್‌ನಲ್ಲಿ ಅಂಥವು ನೂರಕ್ಕೂ ಜಾಸ್ತಿ ಇದ್ದವು. ಆದರೆ ಅವತ್ತು ಉರಿಯೂತದಿಂದ ಎಲ್ಲಾ ಅಂಟಿಕೊಂಡಿತ್ತು. ಪಿತ್ತಕೋಶಕ್ಕೆ ಹೋಗುವುದು ಎರಡೇ ಎರಡು, ಒಂದು ನಾಳ, ಒಂದು ರಕ್ತನಾಳ. ಅವೆರಡೂ ಬಿಡಿಬಿಡಿಯಾಗಿ ಕಾಣುವ ತನಕ, ಪಿತ್ತಕೋಶದ ಕೆಳಭಾಗ ಯಕೃತ್ತಿನಿಂದ ಬಿಡಿಸಿಕೊಳ್ಳುವ ತನಕ ಏನನ್ನೂ ಕತ್ತರಿಸಬಾರದು. ಮುಖ್ಯ ಪಿತ್ತನಾಳವನ್ನೇ ತಪ್ಪಾಗಿ ಕತ್ತರಿಸಿದರೆ ರೋಗಿ ವರ್ಷಗಟ್ಟಲೆ ನರಳಬೇಕಾಗುತ್ತದೆ. ನನಗೆ ಈ ನಿಯಮ ಬಾಯಿಪಾಠವಿತ್ತು. ಆದರೆ ಆ ನೂರು ಕೇಸುಗಳಲ್ಲಿ "ಈಗ ಕತ್ತರಿಸು" ಎಂದಿದ್ದು ಯಾವಾಗಲೂ ಸೀನಿಯರ್. ಕೈ ನನ್ನದು, ತೀರ್ಮಾನ ಅವರದು. ಕೈ ನಿಲ್ಲಿಸಿ ಅವರಿಗೆ ಫೋನ್ ಮಾಡಿಸಿದೆ. ಅವರು ಬಂದರು. ಅಪಾಯದ ಜಾಗ ಮುಟ್ಟದೆ, ಪಿತ್ತಕೋಶದ ಒಂದು ಭಾಗ ಅಲ್ಲೇ ಬಿಟ್ಟು ಮುಗಿಸಿದೆವು. ರೋಗಿ ಚೆನ್ನಾಗಿ ಚೇತರಿಸಿಕೊಂಡರು.

ಅದಕ್ಕೇ ಹೇಳುತ್ತೇನೆ, ಉಳಿದಿರುವ ತಿಂಗಳುಗಳಲ್ಲಿ ಪ್ರತಿ ಕೇಸಿನ ಪಕ್ಕ ಒಂದು ಅಂಕಿ ಬರೆಯಿರಿ. ಸೀನಿಯರ್ ಮಾಡಿ ತೋರಿಸಿದ್ದಕ್ಕೆ 1. ಅವರು ಹೆಜ್ಜೆಹೆಜ್ಜೆಗೂ ದಾರಿ ತೋರಿಸುತ್ತಾ ಮಾಡಿಸಿದ್ದಕ್ಕೆ 2. ನೀವು ಮುಂದೆ ನಡೆದು, ಅವರು ಜೊತೆಗೆ ಕೈಜೋಡಿಸಿದ್ದಕ್ಕೆ 3. ಅವರು ಸುಮ್ನೆ ನೋಡುತ್ತಾ ನಿಂತಿದ್ದಕ್ಕೆ 4. ಜ್ವಿಶ್ ಸ್ಕೇಲ್ ಎಂಬ ಅಳತೆಯ ಮೆಟ್ಟಿಲುಗಳು ಇವೇ. ಗೆಳತಿಯ ಲೆಕ್ಕದ ಜೊತೆ ಹೋಲಿಸಲೇಬೇಕಿದ್ದರೆ, 4 ಎಷ್ಟಿದೆ ಎಂದು ಹೋಲಿಸಿ. ನಿಮ್ಮ ಲೆಕ್ಕದಲ್ಲಿ 4 ತೀರಾ ಕಡಿಮೆ ಇದ್ದರೆ ಈಗಲೇ ಸೀನಿಯರ್ ಹತ್ತಿರ ಬಾಯಿಬಿಟ್ಟು ಕೇಳಿ. ಸ್ಕ್ರಬ್ ಆಗುವ (ಆಪರೇಷನ್‌ಗೆ ಕೈ ತೊಳೆದು ಸಿದ್ಧರಾಗುವ) ಮೊದಲೇ "ಸರ್, ಇವತ್ತು ಯಾವ ಭಾಗ ನನ್ನದು?" ಅನ್ನಿ. ಇಡೀ ಆಪರೇಷನ್ ಸಿಗದಿದ್ದರೂ ಕಷ್ಟದ ಆ ಹತ್ತು ನಿಮಿಷ ಕೇಳಿ ಪಡೆಯಿರಿ. ಗಂಟು ಹಾಕುವುದು, ಕ್ಯಾಮೆರಾ ಹಿಡಿಯುವುದು ಸಿಮ್ಯುಲೇಟರ್ ಮೇಲೂ ಕಲಿಯಬಹುದು. ಓಟಿಯ ಸಮಯ ಅದಕ್ಕೆ ಹೋಗದಿರಲಿ.

ಮೊದಲ ಕೆಲಸ ಹುಡುಕುವಾಗ ಸಂಬಳದ ಜೊತೆ ಇನ್ನೊಂದು ವಿಷಯ ವಿಚಾರಿಸಿ: ರಾತ್ರಿ ಎರಡು ಗಂಟೆಗೆ ಕರೆದರೆ ಬರುವ ಸೀನಿಯರ್ ಅಲ್ಲಿದ್ದಾರಾ?