ಥ್ರಾಟಲ್ ಬಾಡಿ ತೊಳೆಸಿದ ಮೇಲೆ ಬೈಕ್ ಮುಗ್ಗರಿಸುತ್ತಿದೆಯೇ?

ಪ್ರಶ್ನೆ: ದಿನವೂ ಮಂಡ್ಯದಿಂದ ಮೈಸೂರಿಗೆ ಬೈಕ್‌ನಲ್ಲಿ ಹೋಗಿಬರುತ್ತೇನೆ. ಗಾಡಿ 2021ರದು, ಬಿಎಸ್-6 ಮಾಲಿನ್ಯ ನಿಯಮದ್ದು. ಕಳೆದ ತಿಂಗಳು ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಭಾಗ) ತೊಳೆಸಿದೆ. ಅಂದಿನಿಂದ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಒಮ್ಮೆ ಏರುತ್ತದೆ, ಒಮ್ಮೆ ನಿಂತೇಹೋಗುತ್ತದೆ. ಸ್ವಲ್ಪ ತಿರುವಿದರೆ ಮುಗ್ಗರಿಸುತ್ತದೆ. ವೇಗ ಹಿಡಿದ ಮೇಲೆ ತೊಂದರೆಯಿಲ್ಲ. ಸೆನ್ಸರ್ ಕೆಟ್ಟಿದೆ, ಇಡೀ ಥ್ರಾಟಲ್ ಬಾಡಿ ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಬದಲಿಸಲೇ?

ಉತ್ತರ: ಈಗಲೇ ಬೇಡ. ತೊಳೆಸುವ ತನಕ ಸರಿಯಿದ್ದ ಗಾಡಿ ತೊಳೆಸಿದ ದಿನದಿಂದ ಕೆಟ್ಟಿದೆ ಎಂದರೆ, ಸೆನ್ಸರನ್ನು ದೂರುವ ಮೊದಲು ಅಲ್ಲಿ ಯಾರ ಕೈ ಏನನ್ನು ಕದಲಿಸಿತು ಎಂದು ನೋಡಬೇಕು.

ಥ್ರಾಟಲ್ ಸೆನ್ಸರ್ ಮಾಡುವುದು ಒಂದೇ ಕೆಲಸ. ಗಾಳಿ ಬಿಡುವ ತಟ್ಟೆ ಎಷ್ಟು ತೆರೆದಿದೆ ಎಂಬುದನ್ನು ವೋಲ್ಟೇಜ್ ಮೂಲಕ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್‌ಗೆ, ತಿಳಿಸುತ್ತದೆ. ಸಾಮಾನ್ಯವಾಗಿ ಅದಕ್ಕೆ 5 ವೋಲ್ಟ್ ಬರುತ್ತದೆ. ತಟ್ಟೆ ಮುಚ್ಚಿದಾಗ ಅರ್ಧ ವೋಲ್ಟ್‌ನ ಆಸುಪಾಸು, ಪೂರ್ತಿ ತೆರೆದಾಗ ನಾಲ್ಕರ ಹತ್ತಿರ ಮರಳಿಸುತ್ತದೆ. ನಿಖರ ಅಂಕಿ ಮಾದರಿಯಿಂದ ಮಾದರಿಗೆ ಬೇರೆ. ಮುಚ್ಚಿದ ಸ್ಥಿತಿಯ ಅಂಕಿಯನ್ನೇ ಇಸಿಯು ಸೊನ್ನೆ ಎಂದು ಹಿಡಿಯುತ್ತದೆ. ಆ ಸೊನ್ನೆ ತಪ್ಪಿದರೆ ನೀವು ಕೈಬಿಟ್ಟಿದ್ದೀರಿ ಎಂಬುದೇ ಅದಕ್ಕೆ ಗೊತ್ತಾಗುವುದಿಲ್ಲ. ನಿಮ್ಮ ಗಾಡಿಯ ಲಕ್ಷಣಗಳು ಇದಕ್ಕೆ ಹೊಂದುತ್ತವೆ.

ಮೊದಲು ತಟ್ಟೆಯ ತಡೆಸ್ಕ್ರೂ, ಅಂದರೆ ತಟ್ಟೆ ಎಲ್ಲಿಯವರೆಗೆ ಮುಚ್ಚಬೇಕೆಂದು ತಡೆದು ನಿಲ್ಲಿಸುವ ಸ್ಕ್ರೂ, ನೋಡಿ. ಅನೇಕ ಗಾಡಿಗಳಲ್ಲಿ ಕಾರ್ಖಾನೆಯಲ್ಲೇ ಅದರ ತಲೆಗೆ ಬಣ್ಣದ ಚುಕ್ಕೆ ಇಟ್ಟಿರುತ್ತಾರೆ. ಚುಕ್ಕೆ ಬಿರುಕುಬಿಟ್ಟು ಒಳಗಿನ ಲೋಹ ಹೊಳೆಯುತ್ತಿದ್ದರೆ ಯಾರೋ ತಿರುಗಿಸಿದ್ದಾರೆ ಎಂದೇ ಅರ್ಥ. ಹಳೆಯ ಗಾಡಿಗಳ ಕಾರ್ಬುರೇಟರ್‌ನಲ್ಲಿ ಪಳಗಿದ ಕೈಗೆ ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ವೇಗ) ಏರಿಸಲು ಸ್ಕ್ರೂ ತಿರುಗಿಸುವುದು ಸಹಜ. ಸೆನ್ಸರ್ ಇರುವ ಈ ಗಾಡಿಗಳಲ್ಲಿ ಹಾಗೆ ಮಾಡಿದರೆ ಸೊನ್ನೆಯೇ ಸರಿದುಹೋಗುತ್ತದೆ.

ಆಮೇಲೆ ಆಕ್ಸಿಲರೇಟರ್ ಕೇಬಲ್. ಸಾಮಾನ್ಯವಾಗಿ ಆಕ್ಸಿಲರೇಟರ್ ಹಿಡಿಯಲ್ಲಿ 2–3 ಮಿ.ಮೀ. ಸಡಿಲವಿರಬೇಕು. ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ; ಸದ್ದು ಏರಿದರೆ ಕೇಬಲ್ ಬಿಗಿಯಾಗಿದೆ. ಸೆನ್ಸರ್‌ನ ಕನೆಕ್ಟರ್ ಬಿಚ್ಚಿ ಪಿನ್‌ಗಳಲ್ಲಿ ಹಸಿರು ಕಿಲುಬು ಇದೆಯೇ ನೋಡಿ, ನೀರಿನ ರಭಸಕ್ಕೆ ಅಲ್ಲಿ ತೇವ ಹೊಕ್ಕಿರಬಹುದು. ಬ್ಯಾಟರಿ ನಿಂತ ಗಾಡಿಯಲ್ಲಿ 12.4 ವೋಲ್ಟ್‌ಗಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ.

ಇಷ್ಟಾದರೂ ಅನುಮಾನ ಉಳಿದರೆ ಮಲ್ಟಿಮೀಟರ್ ಹಿಡಿಯುವ ಮೆಕ್ಯಾನಿಕ್ ಬಳಿಗೆ ಹೋಗಿ. ಕೀ ಆನ್, ಎಂಜಿನ್ ಆಫ್. ಸೆನ್ಸರ್‌ನ ಸಿಗ್ನಲ್ ತಂತಿಗೆ ಮೀಟರ್ ಹಚ್ಚಿ ಹಿಡಿಯನ್ನು ತೀರ ನಿಧಾನವಾಗಿ ತಿರುವಲಿ. 0.6, 0.7, 0.8 ಎಂದು ಅಂಕಿ ಸರಾಗವಾಗಿ ಏರಬೇಕು. ನಡುವೆ ತಟ್ಟನೆ ಕುಸಿದು ಮತ್ತೆ ಮೇಲೆದ್ದರೆ ಸೆನ್ಸರ್‌ನ ಒಳಗಿನ ಪಟ್ಟಿ ಸವೆದಿದೆ. ಸವೆತ ಹೆಚ್ಚಾಗಿ ಆರಂಭದ ತಿರುವಿನಲ್ಲೇ ಕಾಣುತ್ತದೆ, ಏಕೆಂದರೆ ದಿನವಿಡೀ ನಮ್ಮ ಕೈ ಇರುವುದು ಅಲ್ಲೇ. ಆಗ ಮಾತ್ರ ಬದಲಾವಣೆಯ ಮಾತು. ಆಗಲೂ ಸೆನ್ಸರ್ ಭಾಗ ಬಿಡಿಯಾಗಿ ಸಿಗುತ್ತದೆಯೇ ಎಂದು ಒತ್ತಾಯಿಸಿ ಕೇಳಿ.

ಅಂಕಿ ಸರಾಗವಾಗಿದ್ದರೆ ಸ್ಕ್ರೂವನ್ನು ಸರ್ವೀಸ್ ಕೈಪಿಡಿಯ ಅಳತೆಗೆ ತಂದು, ಸ್ಕ್ಯಾನರ್ (ಇಸಿಯು ಓದುವ ಯಂತ್ರ) ಹಾಕಿ ಇಸಿಯುಗೆ ಸೊನ್ನೆಯನ್ನು ಮತ್ತೆ ಕಲಿಸಬೇಕು. ಸ್ಕ್ರೂ ಯಾರೂ ಮುಟ್ಟಿರದಿದ್ದರೂ ಈ ಕಲಿಕೆ ಬೇಕಾಗಬಹುದು: ಮಸಿ ಹೋದ ಮೇಲೆ ಅದೇ ಸಂದಿನಲ್ಲಿ ಗಾಳಿ ಹೆಚ್ಚು ನುಗ್ಗುತ್ತದೆ, ಇಸಿಯು ಮಾತ್ರ ಹಳೆಯ ಲೆಕ್ಕದಲ್ಲೇ ಇರುತ್ತದೆ. ಕೆಲವು ಮಾದರಿಗಳಲ್ಲಿ ಕೀ ಆನ್ ಮಾಡಿ ಹಿಡಿ ಮುಟ್ಟದೆ ಕಾದರೆ ಅದು ತಾನೇ ಕಲಿಯುತ್ತದೆ. ಆದ್ದರಿಂದ ಕೀ ತಿರುಗಿಸುವಾಗಲೇ ಆಕ್ಸಿಲರೇಟರ್ ತಿರುವುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ.

ಕೊನೆಯದಾಗಿ ನಿಮ್ಮ ದಾರಿಯ ಮಾತು. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕ್‌ಗೆ ಪ್ರವೇಶವಿಲ್ಲ. ನೀವು ಹೋಗುವುದು ಸರ್ವೀಸ್ ರಸ್ತೆಯಲ್ಲಿ, ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ. ಅಲ್ಲಿ ಎಂಜಿನ್ ನಿಂತರೆ ಹಿಂದಿನವರಿಗೆ ತಡೆಯಲು ಜಾಗವಿರುವುದಿಲ್ಲ. ಇದು ಸರಿಯಾಗುವ ತನಕ ಮೈಸೂರಿಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ.