ಮಳೆಗಾಲ ಕಳೆದ ಮೇಲೆ ಎಂಜಿಬಿ ಸ್ಟಾರ್ಟ್ ಆಗುತ್ತಿಲ್ಲ, ಮಾರಿಬಿಡಲೇ?

ಪ್ರಶ್ನೆ: ನಮ್ಮ ಮಾವನವರ 1972ರ ಎಂಜಿಬಿ ಕಾರು ಮನೆಯಲ್ಲಿದೆ. ಮೇ ಕೊನೆಗೆ ಟರ್ಪಾಲು ಹೊದಿಸಿ ಶೆಡ್ಡಿನಲ್ಲಿ ನಿಲ್ಲಿಸಿದ್ದೆ. ಈಗ ಕೀ ತಿರುಗಿಸಿದರೆ ಎಂಜಿನ್ ಸುತ್ತುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಬಾಗಿಲಿನ ಕೆಳಗೆ ಪೇಂಟ್ ಗುಳ್ಳೆ ಎದ್ದಿದೆ. ಹಳೇ ಸ್ಪೋರ್ಟ್ಸ್ ಕಾರು ನಂಬಬೇಡ, ಮಾರು ಅಂತಾರೆ ಮನೆಯವರು.
– ಓದುಗರು, ಮಲ್ಪೆ

ಉತ್ತರ: ಮಾರಬೇಡಿ. ಮೊದಲು ಫ್ಯೂಯೆಲ್ ಪಂಪ್ ನೋಡಿ. ನಿಮ್ಮ ಕಾರಿನ ಎಸ್‌ಯು ಕಂಪನಿಯ ಪಂಪ್ ಕರೆಂಟಿನಲ್ಲಿ ನಡೆಯುವಂಥದ್ದು, ಹಿಂದಿನ ಚಕ್ರದ ಹತ್ತಿರ ಇರುತ್ತದೆ. ಕೀ ಆನ್ ಮಾಡಿದ ಕೂಡಲೇ ಟಿಕ್ ಟಿಕ್ ಸದ್ದು ಬರಬೇಕು. ಬರದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ಪಂಪನ್ನು ಮೆಲ್ಲಗೆ ತಟ್ಟಿ. ಆಗ ಶುರುವಾದರೆ ಒಳಗೆ ಕರೆಂಟ್ ಕೂಡಿಸಿ ಬಿಡಿಸುವ ಪಾಯಿಂಟ್ ಕಿಲುಬು ಹಿಡಿದಿದೆ ಅಂತ ಅರ್ಥ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇದು ಮಾಮೂಲು. ತಟ್ಟಿದರೂ ಸದ್ದಿಲ್ಲವೇ? ವೈರು, ಅರ್ತಿಂಗ್ ಪರೀಕ್ಷಿಸಿ.

ನನಗೆ ಚಿಂತೆ ಇರುವುದು ಆ ಗುಳ್ಳೆಯ ಬಗ್ಗೆ. ಎಂಜಿಬಿಗೆ ಬೇರೆ ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಇಲ್ಲ, ಬಾಡಿಯೇ ಎಲ್ಲ ಭಾರ ಹೊರಬೇಕು. ಅದರಲ್ಲೂ ಮೇಲ್ಛಾವಣಿ ಇಲ್ಲದ ಕಾರಾದರೆ ಬಾಗಿಲಿನ ಕೆಳಗಿನ ಸಿಲ್ ಅದರ ಬೆನ್ನೆಲುಬು. ಅದು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಜಾಸ್ತಿಯೇ ತಿಂದಿರುತ್ತದೆ. ಸಮತಟ್ಟು ನೆಲದಲ್ಲಿ ಒಂದು ಬದಿ ಜಾಕ್ ಏರಿಸಿ, ಬಾಗಿಲನ್ನು ತೆರೆದು ಮುಚ್ಚಿ ನೋಡಿ. ಬಾಗಿಲು ಬಿಗಿಯಾದರೆ ಸಿಲ್ ಸೋತಿದೆ. ಮೇಲೆ ಪಟ್ಟಿ ಹಾಕಿ ಪೇಂಟ್ ಬಳಿಯಲು ಬಿಡಬೇಡಿ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ಒಳಗೆ ಮೇಣದ ಕೋಟಿಂಗ್ ಸಿಂಪಡಿಸಿ. ಖರ್ಚು ಮಾಡುವುದಿದ್ದರೆ ಮೊದಲು ಇಲ್ಲಿಗೆ ಮಾಡಿ, ಪಾಲಿಶ್ ಆಮೇಲೆ. ಎಂಜಿಬಿ 1962ರಿಂದ 1980ರ ತನಕ 5 ಲಕ್ಷಕ್ಕೂ ಹೆಚ್ಚು ತಯಾರಾದ ಕಾರು. ಸಿಲ್ ಸೇರಿ ಬಹುತೇಕ ಬಿಡಿಭಾಗ ಇಂಗ್ಲೆಂಡಿನಿಂದ ಈಗಲೂ ಹೊಸದಾಗಿ ಸಿಗುತ್ತದೆ.

ಟರ್ಪಾಲು ಮಾತ್ರ ಇನ್ನು ಬೇಡವೇ ಬೇಡ. ನಮ್ಮ ಕಡಲ ಗಾಳಿಯ ಉಪ್ಪು, ಮಳೆಯ ತೇವ ಎರಡೂ ಅದರಡಿ ಸಿಕ್ಕಿಬೀಳುತ್ತವೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಸಾಕು.

ನಂಬಿಕೆಯ ಮಾತಿಗೆ ಬರೋಣ. ಅದರ 1798 ಸಿಸಿ ಎಂಜಿನ್ ಗಟ್ಟಿ ಕುಳ. ಇಂಥ ಕಾರು ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಮನೆಯಂಗಳದಲ್ಲಿ ಸುಮ್ನೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಉಪಯೋಗವಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗದೆ ಆಯಿಲಿಗೂ ಸೈಲೆನ್ಸರಿಗೂ ನೀರು ಸೇರುತ್ತದೆ. ಮಳೆಗಾಲದಲ್ಲೂ ರಸ್ತೆ ಒಣಗಿದ ದಿನ ಕಡಲಿನಿಂದ ಒಳಗಿರುವ ಹಿರಿಯಡ್ಕದ ತನಕ ಹೋಗಿ ಬನ್ನಿ. ಉಪ್ಪುಗಾಳಿಯ ಬೀಚ್ ರಸ್ತೆ ಬೇಡ.

ಪೆಟ್ರೋಲಿನ ಕಡೆಗೂ ಗಮನವಿರಲಿ. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆತದ್ದು. ಅದು ಹಳೇ ರಬ್ಬರ್ ಪೈಪನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಮೇ ತಿಂಗಳ ಪೆಟ್ರೋಲ್ ಪೂರ್ತಿ ತೆಗೆಸಿ. ಪೈಪುಗಳನ್ನು ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಸೋರಿದ ಪೆಟ್ರೋಲ್ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಕಾರೇ ಉರಿದುಹೋಗಬಹುದು.

ಬ್ರೇಕ್ ಆಯಿಲೂ ತೇವ ಹೀರುವಂಥದ್ದೇ. ರಸ್ತೆಗೆ ಇಳಿಸುವ ಮುಂಚೆ ಅದನ್ನು ಬದಲಿಸಿ, ಹಿಂದಿನ ಚಕ್ರಗಳಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರುಗಳು ಹಿಡಿದುಕೊಂಡಿವೆಯಾ ಎಂದು ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿ ನೋಡಿಸಿ.