ಮೋಶೆಯನ್ನು ಬೆನ್ನಟ್ಟಿದ ಫರೋಹ ಯಾರು?

ಪ್ರಶ್ನೆ: ಮೋಶೆಯ ಕಾಲದ ಫರೋಹ ಎರಡನೇ ರಾಮೆಸಸ್, ಅವನ ಮಮ್ಮಿಯಲ್ಲಿ ಸಿಕ್ಕ ಉಪ್ಪೇ ಅವನು ಸಮುದ್ರದಲ್ಲಿ ಮುಳುಗಿದ್ದಕ್ಕೆ ಸಾಕ್ಷಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ನಿಜವೇ? ಧರ್ಮಗ್ರಂಥಗಳಲ್ಲಿ ಬರುವ ಈಜಿಪ್ಟಿನ ಅರಸರು ಇತಿಹಾಸದಲ್ಲೂ ಸಿಗುತ್ತಾರೆಯೇ?

ಉತ್ತರ: ಇಸ್ರೇಲರನ್ನು ಈಜಿಪ್ಟಿನಿಂದ ಬಿಡಿಸಿ ಕರೆದೊಯ್ದ ಮೋಶೆಯನ್ನು ಬೆನ್ನಟ್ಟಿದ ಆ ಅರಸನ ಹೆಸರನ್ನು ಬೈಬಲ್ ಹೇಳುವುದಿಲ್ಲ, ಕುರ್‌ಆನ್ ಕೂಡ ಹೇಳುವುದಿಲ್ಲ. ಇಸ್ರೇಲರು ಬಿಟ್ಟಿ ದುಡಿದು ಕಟ್ಟಿದ ಪಟ್ಟಣಗಳಲ್ಲಿ ಒಂದರ ಹೆಸರು ರಾಮ್ಸೇಸ್ ಎಂದು ಬೈಬಲ್ಲಿನ ವಿಮೋಚನಕಾಂಡದಲ್ಲಿದೆ. ಊಹೆಗೆ ಅದೇ ಮೂಲ. ಎರಡನೇ ರಾಮೆಸಸ್ (ಕ್ರಿ.ಪೂ. 1279–1213) ನೈಲ್ ಮುಖಜಭೂಮಿಯಲ್ಲಿ ಪಿ-ರಾಮೆಸಸ್ ಎಂಬ ರಾಜಧಾನಿ ಕಟ್ಟಿಸಿದ್ದೂ ಹೌದು. ಆದರೆ ಸೊಲೊಮೋನನ ದೇವಾಲಯ ಶುರುವಾಗುವ 480 ವರ್ಷ ಮೊದಲು ಇಸ್ರೇಲರು ಈಜಿಪ್ಟಿನಿಂದ ಹೊರಟರು ಎಂಬ ಬೈಬಲ್ಲಿನದೇ ಲೆಕ್ಕ ಹಿಡಿದರೆ ಕಾಲ ಕ್ರಿ.ಪೂ. 15ನೇ ಶತಮಾನಕ್ಕೆ ಸರಿಯುತ್ತದೆ. ಈಜಿಪ್ಟಿನ ಯಾವ ಶಾಸನವೂ ಈ ಘಟನೆಯನ್ನು ಹೇಳಿಲ್ಲ.

ಉಪ್ಪಿನ ವಾದವನ್ನು ದಯವಿಟ್ಟು ಮುಂದೆ ಹಂಚಬೇಡಿ. ಶವ ಕೆಡದಂತೆ ಒಣಗಿಸಲು ಈಜಿಪ್ಟಿನವರು ಬಳಸುತ್ತಿದ್ದುದೇ ನೇಟ್ರಾನ್ ಎಂಬ ನೈಸರ್ಗಿಕ ಲವಣ. ಯಾವ ಮಮ್ಮಿಯಲ್ಲಾದರೂ ಉಪ್ಪು ಇದ್ದೇ ಇರುತ್ತದೆ. ರಾಮೆಸಸ್ಸನಂತೂ 66 ವರ್ಷ ಆಳಿ, ಸಂಧಿವಾತದಿಂದ ಬಳಲಿದ ಹಣ್ಣುಮುದುಕ.

ಅವನ ಮಗ ಮರ್ನೆಪ್ತಾ ಹಾಕಿಸಿದ, ಸುಮಾರು ಕ್ರಿ.ಪೂ. 1208ರ ಶಿಲಾಶಾಸನ ಹೆಚ್ಚು ಮುಖ್ಯ. 1896ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಈಜಿಪ್ಟಿನ ಥೀಬ್ಸ್‌ನಲ್ಲಿ ಕಂಡ ಈ ಕಲ್ಲು, ಕಾನಾನಿನಲ್ಲಿ (ಈಗಿನ ಇಸ್ರೇಲ್–ಪ್ಯಾಲೆಸ್ಟೀನ್ ಭಾಗ) ಮರ್ನೆಪ್ತಾ ಸೋಲಿಸಿದವರಲ್ಲಿ ‘ಇಸ್ರೇಲ್’ ಎಂಬ ಜನರನ್ನು ಎಣಿಸುತ್ತದೆ. ಅಷ್ಟರಲ್ಲಾಗಲೇ ಅವರು ಅಲ್ಲಿದ್ದರು ಎಂಬುದು ಖಚಿತ.

ಹೆಸರು ಹಿಡಿದು ಕರೆದ ಅರಸರು ಆಮೇಲೆ ಬರುತ್ತಾರೆ. ಸೊಲೊಮೋನನ ಮಗ, ಯೆರೂಸಲೇಮಿನಿಂದ ಯೆಹೂದ ರಾಜ್ಯ ಆಳುತ್ತಿದ್ದ ರೆಹಬ್ಬಾಮನ ಐದನೇ ವರ್ಷದಲ್ಲಿ ಈಜಿಪ್ಟಿನ ಅರಸ ಶೀಶಕನು ಯೆರೂಸಲೇಮಿನ ಮೇಲೆ ಬಂದು ದೇವಾಲಯದ ಭಂಡಾರ ದೋಚಿದ ಎನ್ನುತ್ತದೆ ಬೈಬಲ್. ಹೆಚ್ಚಿನ ವಿದ್ವಾಂಸರ ಪ್ರಕಾರ ಇವನೇ ಒಂದನೇ ಶೆಶಾಂಕ್. ಆ ದಂಡಯಾತ್ರೆಯಲ್ಲಿ ಗೆದ್ದ ಊರುಗಳ ಉದ್ದನೆಯ ಪಟ್ಟಿಯನ್ನು ಅವನು ಕಾರ್ನಾಕ್ ದೇವಾಲಯದ ಗೋಡೆಯಲ್ಲಿ ಕೆತ್ತಿಸಿದ್ದಾನೆ. ಅದರಲ್ಲಿ ಈಗಿನ ಇಸ್ರೇಲಿನ ಉತ್ತರಕ್ಕಿರುವ ಮೆಗಿದ್ದೋ ಇದೆ. ಮೆಗಿದ್ದೋದಲ್ಲೇ ಅವನ ಹೆಸರಿರುವ ಕಲ್ಲಿನ ತುಂಡೂ ಸಿಕ್ಕಿದೆ. ಉಳಿದಿರುವ ಪಟ್ಟಿಯಲ್ಲಿ ಯೆರೂಸಲೇಮ್ ಮಾತ್ರ ಇಲ್ಲ. ಕೆಲವು ಹೆಸರುಗಳು ಅಳಿಸಿಹೋಗಿವೆಯಾದ್ದರಿಂದ ಇದನ್ನು ಬೈಬಲ್ಲಿಗೆ ವಿರೋಧವಾಗಿಯೂ ಬಳಸಲಾಗದು, ಪೂರ್ಣ ಸಮರ್ಥನೆ ಎಂದೂ ಹೇಳಲಾಗದು.

ಇಂಥ ತೊಡಕಿಲ್ಲದವನು ಈಜಿಪ್ಟಿನ ಅರಸ ನೆಕೋ. ಕ್ರಿ.ಪೂ. 609ರಲ್ಲಿ ಯೆಹೂದದ ಅರಸ ಯೋಷೀಯ ಇವನ ಕೈಯಲ್ಲಿ ಸತ್ತ. ನಾಲ್ಕು ವರ್ಷದ ನಂತರ ಯೂಫ್ರೆಟಿಸ್ ನದಿ ದಡದ ಕರ್ಕೆಮೀಷಿನಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರನು ಈಜಿಪ್ಟಿನ ಸೇನೆಯನ್ನು ಸೋಲಿಸಿದ್ದನ್ನು ಯೆರೆಮೀಯನ ಗ್ರಂಥವೂ ಬಾಬಿಲೋನಿನ ಮಣ್ಣಿನ ಫಲಕವೂ ಹೇಳುತ್ತವೆ.